ಇಟಲಿಯ ಬಂದರುಗಳಲ್ಲಿ ಹಡಗು ನಿಲ್ಲುವ ಒಂದೊಂದೇ ದಿನ: ಖಾಸಗಿ ವಾಹನ ಗೊತ್ತು ಮಾಡಿಕೊಳ್ಳಬೇಕೇ, ಹಡಗಿನವರ ಪ್ರವಾಸವೇ ಸಾಕೇ?

ಸೇಡಂ ರಸ್ತೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಬರುವ ದಸರಾ ರಜೆಯಲ್ಲಿ ನಾವು ಮನೆಮಂದಿ ಆರು ಜನ, ಅಂದರೆ ನಾನು, ನನ್ನ ಯಜಮಾನರು, ಪಿಯುಸಿ ಓದುತ್ತಿರುವ ಮಗಳು, ಏಳು ವರ್ಷದ ಮಗ ಮತ್ತು ನನ್ನ ಅಪ್ಪ-ಅವ್ವ, ಬಾರ್ಸಿಲೋನಾದಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರ ಸುತ್ತಿ ಬರಲು ನಿಶ್ಚಯಿಸಿದ್ದೇವೆ. ಹಡಗು ಸೋಮವಾರ ಲಿವೊರ್ನೊ, ಮಂಗಳವಾರ ರೋಮಿಗೆ ಹೋಗಲು ಇಳಿಯುವ ಚಿವಿತಾವೆಕ್ಕಿಯಾ, ಬುಧವಾರ ನೇಪಲ್ಸ್ ಬಂದರಿನಲ್ಲಿ ನಿಲ್ಲುತ್ತದೆ. ಮೂರೂ ಕಡೆ ಬೆಳಗ್ಗೆ 7 ಗಂಟೆಗೆ ತಲುಪಿ ಸಂಜೆ 7 ಗಂಟೆಗೆ ಹೊರಡುತ್ತದೆ ಎಂದು ವೇಳಾಪಟ್ಟಿಯಲ್ಲಿದೆ.

ಅಪ್ಪ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ರೋಮ್ ಮತ್ತು ಬೂದಿಯಲ್ಲಿ ಹೂತುಹೋಗಿದ್ದ ಪ್ರಾಚೀನ ಊರಾದ ಪೊಂಪೈ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಆದರೆ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿರುವುದರಿಂದ ಅರ್ಧ ಗಂಟೆ ನಡೆದರೆ ಸ್ವಲ್ಪ ಹೊತ್ತು ಕೂರಲೇಬೇಕು, ಮೆಟ್ಟಿಲು ಹತ್ತುವುದಂತೂ ಕಷ್ಟ. ಮಡಚುವ ಗಾಲಿಕುರ್ಚಿಯೊಂದನ್ನು ಜೊತೆಗೆ ಒಯ್ಯಬೇಕೆಂದಿದ್ದೇವೆ. ಅವ್ವ ನಮ್ಮೆಲ್ಲರಿಗಿಂತ ಚೆನ್ನಾಗಿ ನಡೆಯುತ್ತಾರೆ.

ಹಡಗಿನವರ ರೋಮ್ ಪ್ರವಾಸಕ್ಕೆ ತಲೆಗೆ ಸುಮಾರು 110 ಯೂರೋ ಆಗುತ್ತದೆ. ಚಾಲಕನೂ ಸೇರಿದಂತೆ ಎಂಟು ಗಂಟೆಗಳ ಅವಧಿಗೆ ಒಂದು ವ್ಯಾನಿಗೆ ಅಲ್ಲಿನ ಒಬ್ಬರು 620 ಯೂರೋ ಹೇಳಿದ್ದಾರೆ. ಆರು ಜನರ ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ನನ್ನ ಪ್ರಶ್ನೆ ಹಣದ್ದಲ್ಲ. ಖಾಸಗಿ ಚಾಲಕನು ನಮ್ಮೊಂದಿಗೆ ಒಳಗೆ ಬಂದು ಸ್ಥಳಗಳನ್ನು ವಿವರಿಸುತ್ತಾನೆಯೇ? ದಾರಿಯಲ್ಲಿ ತಡವಾದರೆ ಹಡಗು ಕಾಯುತ್ತದೆಯೇ? ಸೋಮವಾರ ಫ್ಲಾರೆನ್ಸ್ ಮತ್ತು ಪೀಸಾ ಎರಡನ್ನೂ, ಬುಧವಾರ ಪೊಂಪೈ ಮತ್ತು ಅಮಾಲ್ಫಿ ಕರಾವಳಿ ಎರಡನ್ನೂ ತೋರಿಸುತ್ತೇವೆ ಎನ್ನುತ್ತಾರೆ, ಅದು ಹಿರಿಯರಿಗೆ ಸಾಧ್ಯವಾಗುವ ಮಾತೇ? ಅಪ್ಪ-ಅವ್ವ ಮೊಟ್ಟೆಯನ್ನೂ ಮುಟ್ಟದವರು, ಅವರ ಊಟಕ್ಕೆ ಏನು ಮಾಡಬೇಕು? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಹಳೆ ಜೇವರ್ಗಿ ರಸ್ತೆ (ಕಲಬುರಗಿ)

ತಂಗೀ, ನಿಮ್ಮ ಅಪ್ಪನವರ ಆಸೆಯನ್ನು ಓದಿ ಬಹಳ ಸಂತೋಷವಾಯಿತು. ನಾನು ನನ್ನ ವಯಸ್ಸಾದ ತಾಯಿಯವರೊಂದಿಗೆ ಇದೇ ಬಂದರುಗಳಲ್ಲಿ ಇಳಿದು ನೋಡಿ ಬಂದಿರುವುದರಿಂದ ತಿಳಿದಷ್ಟನ್ನು ವಿವರವಾಗಿ ಬರೆಯುತ್ತೇನೆ.

ಗಾಲಿಕುರ್ಚಿ ಬೇಕಾಗುವ ಹಿರಿಯರಿರುವ ಮನೆಯವರು ಖಾಸಗಿ ವ್ಯಾನ್ ಮಾಡಿಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಸೌಕರ್ಯವೊಂದೇ ಅಲ್ಲ. ಇಟಲಿಯ ಹಳೆಯ ನಗರಗಳ ನಡುಭಾಗಕ್ಕೆ ವಾಹನ ಪ್ರವೇಶವನ್ನು ನಿರ್ಬಂಧಿಸಿದ್ದಾರೆ. ಅಲ್ಲಿ ಕ್ಯಾಮೆರಾಗಳನ್ನು ಕೂರಿಸಿದ್ದು, ಅನುಮತಿಯಿಲ್ಲದ ವಾಹನ ಒಳಹೊಕ್ಕರೆ ದಂಡ ಬೀಳುತ್ತದೆ. ದೊಡ್ಡ ಬಸ್ಸುಗಳನ್ನು ದೂರದಲ್ಲೇ ನಿಲ್ಲಿಸಬೇಕಾಗುತ್ತದೆ. ಪೀಸಾದಲ್ಲಿ ಬಸ್ಸಿನವರು ಊರಿನ ಹೊರಗಿನ ನಿಲುಗಡೆಯಲ್ಲಿ ಇಳಿಸುವುದರಿಂದ ಗೋಪುರದವರೆಗೆ ನಡೆಯಬೇಕು, ಇಲ್ಲವೇ ಇನ್ನೊಂದು ವಾಹನ ಹಿಡಿಯಬೇಕು. ಫ್ಲಾರೆನ್ಸಿನಲ್ಲೂ ಬಸ್ಸು ನಡುಪೇಟೆಗೆ ಬರುವುದಿಲ್ಲ. ಚಾಲಕಸಹಿತ ಬಾಡಿಗೆ ವಾಹನದ ಪರವಾನಗಿ ಇರುವವರು ಮಾತ್ರ ಅನುಮತಿ ಪಡೆದು ಬಹಳ ಹತ್ತಿರದವರೆಗೆ ಬಂದು ಇಳಿಸುತ್ತಾರೆ. ಈ ಪರವಾನಗಿಯ ವಾಹನಗಳ ಮೇಲೆ ‘ಎನ್‌ಸಿಸಿ’ ಎಂಬ ಅಕ್ಷರಗಳು ಇರುತ್ತವೆ. ವಾಹನ ಗೊತ್ತು ಮಾಡುವ ಮೊದಲೇ ಇದನ್ನು ಪತ್ರದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿರಿ. ಕಡಿಮೆ ಬೆಲೆ ಹೇಳಿ, ಪರವಾನಗಿಯ ಮಾತು ಬಂದ ಕೂಡಲೇ ಉತ್ತರ ನಿಲ್ಲಿಸಿದವರೂ ನನಗೆ ಸಿಕ್ಕಿದ್ದರು. ಅಂಥವರನ್ನು ಅಲ್ಲಿಗೇ ಬಿಟ್ಟುಬಿಡಬೇಕು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಬರುವುದಿಲ್ಲ. ಚಾಲಕ ಬೇರೆ, ಮಾರ್ಗದರ್ಶಿ ಬೇರೆ. ಇಟಲಿಯಲ್ಲಿ ಮಾರ್ಗದರ್ಶಿಯಾಗಿ ವಿವರಿಸಲು ಪ್ರತ್ಯೇಕ ಪರವಾನಗಿ ಬೇಕು. ಚಾಲಕನು ವಾಹನ ಓಡಿಸುತ್ತ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಬಹುದು, ಎಲ್ಲಿ ಇಳಿಯಬೇಕು, ಎಲ್ಲಿ ಮತ್ತೆ ಸೇರಬೇಕು ಎಂದು ತಿಳಿಸಬಹುದು. ಆದರೆ ರೋಮಿನ ಪ್ರಾಚೀನ ಬಯಲು ರಂಗಮಂದಿರವಾದ ಕೊಲೋಸಿಯಂ ಅಥವಾ ಪೊಂಪೈ ಒಳಗೆ ನಿಮ್ಮೊಂದಿಗೆ ನಡೆದು ವಿವರಿಸುವ ಹಾಗಿಲ್ಲ. ಚರಿತ್ರೆಯ ಮಾಸ್ತರರಾದ ನಿಮ್ಮ ಅಪ್ಪನವರಿಗೆ ಬರೀ ಕಲ್ಲು ನೋಡಿ ತೃಪ್ತಿಯಾಗುವುದಿಲ್ಲ. ಆದ್ದರಿಂದ ಪೊಂಪೈಗೆ ಮಾತ್ರವಾದರೂ ಎರಡು ಗಂಟೆಯ ಮಟ್ಟಿಗೆ ಪರವಾನಗಿಯುಳ್ಳ ಮಾರ್ಗದರ್ಶಿಯನ್ನು ಬೇರೆಯಾಗಿ ಗೊತ್ತು ಮಾಡಿರಿ.

ಇನ್ನು ಸಮಯದ ಲೆಕ್ಕ. ಚಿವಿತಾವೆಕ್ಕಿಯಾದಿಂದ ರೋಮ್ ಸುಮಾರು 80 ಕಿಲೋಮೀಟರ್. ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ, ಸಂಜೆ ಹೊತ್ತು ನಗರದ ಹೊರವರ್ತುಲ ರಸ್ತೆಯಲ್ಲಿ ವಾಹನಗಳ ದಟ್ಟಣೆ ಇದ್ದರೆ ಇನ್ನೂ ಹೆಚ್ಚು. ಲಿವೊರ್ನೊದಿಂದ ಪೀಸಾ 25 ಕಿಲೋಮೀಟರ್, ಫ್ಲಾರೆನ್ಸ್ ಸುಮಾರು 90. ನೇಪಲ್ಸಿನಿಂದ ಪೊಂಪೈ 25. ಯಾವ ದಿನವಾದರೂ ಹಡಗು ಹತ್ತಬೇಕಾದ ಗಂಟೆಯಿಂದ ಹಿಂದಕ್ಕೆ ಎಣಿಸುತ್ತ ಬನ್ನಿರಿ. ರೋಮಿನಿಂದ 4 ಗಂಟೆಗೆ ಹೊರಡಲೇಬೇಕು ಎಂದು ಇಟ್ಟುಕೊಂಡರೆ, ಬೆಳಗ್ಗೆ ಇಳಿದು ರೋಮ್ ಮುಟ್ಟುವಷ್ಟರಲ್ಲಿ ಒಂಬತ್ತೂವರೆ ಆಗಿರುತ್ತದೆ. ಕೈಗೆ ಸಿಗುವುದು ಆರೂವರೆ ಗಂಟೆ, ಅದರಲ್ಲಿ ಊಟಕ್ಕೆ ಒಂದು ಗಂಟೆ. ಇಷ್ಟರಲ್ಲಿ ವ್ಯಾಟಿಕನ್ ವಸ್ತುಸಂಗ್ರಹಾಲಯ, ಕೊಲೋಸಿಯಂ ಎರಡನ್ನೂ ಒಳಹೊಕ್ಕು ನೋಡುತ್ತೇವೆಂದರೆ ಅಪ್ಪನವರು ನೋಡುವುದು ಸರದಿ ಸಾಲನ್ನು ಮಾತ್ರ. ಒಂದನ್ನು ಒಳಗೆ ನೋಡಿ ಉಳಿದುದನ್ನು ಹೊರಗಿನಿಂದ ನೋಡಿದರೆ ದಿನ ನೆಮ್ಮದಿಯಾಗಿ ಸಾಗುತ್ತದೆ. ಕೊಲೋಸಿಯಂ ಒಳಗೆ ಲಿಫ್ಟ್ ಇದೆ ಎಂಬುದನ್ನು ಗಮನಿಸಿರಿ.

ಗಾಲಿಕುರ್ಚಿಯ ಬಗ್ಗೆ ಒಂದು ಮಾತು. ರೋಮಿನ ಹಳೆಯ ಬೀದಿಗಳಿಗೆಲ್ಲ ಮುಷ್ಟಿಗಾತ್ರದ ಕರಿಕಲ್ಲು ಹಾಸಿದ್ದಾರೆ. ಪ್ಯಾಂಥಿಯನ್ ಎಂಬ ಪ್ರಾಚೀನ ದೇವಾಲಯದ ಹತ್ತಿರ ತಾಯಿಯವರ ಕುರ್ಚಿಯ ಮುಂದಿನ ಸಣ್ಣ ಚಕ್ರಗಳು ಪ್ರತಿ ಸಂದಿಯಲ್ಲೂ ಸಿಕ್ಕಿಕೊಂಡು ಅವರು ಮುಂದಕ್ಕೆ ಮುಗ್ಗರಿಸುವಂತಾಗುತ್ತಿತ್ತು. ಚಾಲಕ ಓಡಿಬಂದು ಕುರ್ಚಿಯನ್ನು ಹಿಮ್ಮುಖವಾಗಿ ತಿರುಗಿಸಿ, ದೊಡ್ಡ ಚಕ್ರಗಳ ಮೇಲೆ ಭಾರ ಬರುವಂತೆ ಸ್ವಲ್ಪ ವಾಲಿಸಿ, ಹಿಂದಕ್ಕೆ ಎಳೆದುಕೊಂಡು ನಡೆಯಲು ತೋರಿಸಿಕೊಟ್ಟ. ಅಂದಿನಿಂದ ಎಲ್ಲ ಕಲ್ಲುಹಾಸಿನಲ್ಲೂ ಹಾಗೆಯೇ ಮಾಡಿದೆವು. ಪ್ಯಾಂಥಿಯನ್ ಮಾತ್ರ ಬಿಡಬೇಡಿರಿ. ಒಳಗೆ ಮೆಟ್ಟಿಲಿನ ಕಾಟವಿಲ್ಲ, ನೆಲ ಸಮತಟ್ಟು. ತಲೆಯೆತ್ತಿದರೆ 43 ಮೀಟರ್ ವ್ಯಾಸದ ಗುಮ್ಮಟ, ನಡುವೆ ಆಕಾಶಕ್ಕೆ ತೆರೆದ ಕಂಡಿ. ವಿಜಯಪುರದ ಗೋಲಗುಂಬಜ್ ನೋಡಿ ಬೆಳೆದ ನಮ್ಮ ಕಡೆಯವರಿಗೆ, ಅದಕ್ಕಿಂತ 1500 ವರ್ಷ ಹಿಂದೆ ಇಷ್ಟು ದೊಡ್ಡ ಗುಮ್ಮಟವನ್ನು ಕಾಂಕ್ರೀಟಿನಲ್ಲಿ ಕಟ್ಟಿದರೆಂಬುದು ನಿಂತು ನೋಡಬೇಕಾದ ಸಂಗತಿ.

ಸೋಮವಾರದ ವಿಷಯದಲ್ಲಿ ಎಚ್ಚರವಿರಲಿ. ಫ್ಲಾರೆನ್ಸಿನ ಉಫೀಜಿ ಮತ್ತು ಮೈಕೆಲೆಂಜೆಲೊನ ಡೇವಿಡ್ ಶಿಲ್ಪ ಇರುವ ಅಕಾದೆಮಿಯಾ, ಈ ಎರಡೂ ಕಲಾಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ. ಹೀಗಿರುವಾಗ ಅಷ್ಟು ದೂರ ಹೋಗುವುದೋ ಬೇಡವೋ ಎಂದು ಮೊದಲೇ ಯೋಚಿಸಿರಿ. ನನ್ನನ್ನು ಕೇಳಿದರೆ, ಬೆಳಗ್ಗೆ ಪೀಸಾ ನೋಡಿ, ಮಧ್ಯಾಹ್ನ ಹತ್ತಿರದ ಲುಕ್ಕಾ ಪಟ್ಟಣದ ಕೋಟೆಗೋಡೆಯ ಮೇಲಿನ ಮರದ ನೆರಳಿನಲ್ಲಿ ತಿರುಗಾಡಿದರೆ ಹಿರಿಯರಿಗೂ ಮಕ್ಕಳಿಗೂ ಹಿತ. ಗೋಡೆ ಎಷ್ಟು ಅಗಲವಾಗಿದೆಯೆಂದರೆ ಜನ ಅದರ ಮೇಲೆ ಸೈಕಲ್ ಓಡಿಸುತ್ತಾರೆ. ಮಗಳಿಗೆ ಫ್ಲಾರೆನ್ಸ್ ಬೇಕೇ ಬೇಕು ಎಂದಾದರೆ, ಪ್ರಧಾನ ಚರ್ಚಿನ ಗುಮ್ಮಟವನ್ನು ಹೊರಗಿನಿಂದ ನೋಡಿ, ಹಳೆಯ ಸೇತುವೆ ದಾಟಿ, ವ್ಯಾನಿನಲ್ಲೇ ಪಿಯಾತ್ಸಾಲೆ ಮೈಕೆಲೆಂಜೆಲೊ ಎಂಬ ಗುಡ್ಡದ ಕಟ್ಟೆಗೆ ಹೋಗಿರಿ. ಇಡೀ ಊರು ಅಲ್ಲಿಂದ ಕಾಣುತ್ತದೆ, ಒಂದು ಹೆಜ್ಜೆಯನ್ನೂ ಹತ್ತಬೇಕಿಲ್ಲ. ಎರಡೂ ಊರುಗಳನ್ನು ಒಂದೇ ದಿನ ಮಾಡಿದರೆ ವ್ಯಾನಿನಲ್ಲಿ ಕೂತದ್ದೇ ಹೆಚ್ಚಾಗುತ್ತದೆ. ಪೀಸಾ ಗೋಪುರವನ್ನು ಹತ್ತಲು ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಅವಕಾಶವಿಲ್ಲ ಎಂಬುದನ್ನು ಮಗನಿಗೆ ಇಲ್ಲಿಂದಲೇ ಹೇಳಿ ಒಪ್ಪಿಸಿಕೊಂಡು ಹೋಗಿರಿ.

ಭೀಮಾ ತೀರ (ಯಾದಗಿರಿ)

ಅಕ್ಕನವರೇ, ನಾನು ಪ್ರವಾಸಿ ಹಡಗೊಂದರ ಊಟದ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ, ಸದ್ಯ ರಜೆಯ ಮೇಲೆ ಊರಿನಲ್ಲಿದ್ದೇನೆ. ಮೇಲಿನ ಹಿರಿಯರು ಬರೆದುದೆಲ್ಲ ಸರಿಯಾಗಿದೆ. ಹಡಗಿನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ತಡವಾಗಿ ಬಂದು ಬಂದರುಕಟ್ಟೆಯ ಮೇಲೆ ನಿಂತುಬಿಟ್ಟವರನ್ನು ನಾನು ಡೆಕ್ಕಿನಿಂದ ನೋಡಿದ್ದೇನೆ. ಅದು ಯಾರಿಗೂ ಬೇಡ.

ವೇಳಾಪಟ್ಟಿಯಲ್ಲಿ ಸಂಜೆ 7 ಎಂದಿದ್ದರೆ ಅದು ಹಡಗು ಹೊರಡುವ ಗಂಟೆ. ನೀವು ಒಳಗಿರಬೇಕಾದ ಗಂಟೆ ಬೇರೆ, ಸಾಮಾನ್ಯವಾಗಿ ಅದಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ಆ ಗಂಟೆಯನ್ನು ಹಿಂದಿನ ರಾತ್ರಿ ಕೋಣೆಗೆ ಬರುವ ಹಡಗಿನದೇ ದಿನಪತ್ರಿಕೆಯಲ್ಲೂ ಇಳಿಯುವ ಬಾಗಿಲಲ್ಲೂ ಬರೆದಿರುತ್ತಾರೆ. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಅವರೇ ಹೊರುತ್ತಾರೆ. ಖಾಸಗಿ ವಾಹನದಲ್ಲಿ ಹೋದವರಿಗಾಗಿ ಕಾಯುವ ಕಟ್ಟುಪಾಡು ಇಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಸೇರಿಕೊಳ್ಳಬೇಕಾಗುತ್ತದೆ. ಅದೇ ದಿನಪತ್ರಿಕೆಯಲ್ಲಿ ಆ ಬಂದರಿನಲ್ಲಿರುವ ಹಡಗಿನ ಏಜೆಂಟರ ದೂರವಾಣಿ ಸಂಖ್ಯೆ ಇರುತ್ತದೆ. ಇಳಿಯುವ ಮೊದಲು ಅದರ ಫೋಟೋ ತೆಗೆದು ಎಲ್ಲರ ಮೊಬೈಲಿನಲ್ಲೂ ಇಟ್ಟುಕೊಳ್ಳಿರಿ.

ಇಷ್ಟು ಹೇಳಿ ಖಾಸಗಿ ವ್ಯಾನ್ ಬೇಡವೆನ್ನುತ್ತಿಲ್ಲ. ಆ ಬಂದರುಗಳ ಚಾಲಕರು ವರ್ಷವಿಡೀ ಹಡಗಿನ ಪ್ರಯಾಣಿಕರನ್ನೇ ನಂಬಿ ದುಡಿಯುವವರು. ಗಡಿಯಾರದ ಬಗ್ಗೆ ನಮಗಿಂತ ಅವರಿಗೇ ಹೆಚ್ಚು ಕಾಳಜಿ. ರೋಮಿಗೆ ರೈಲಿದೆ, ಅಗ್ಗವೂ ಹೌದು. ಆದರೆ ಆಗಾಗ ಮುಷ್ಕರಗಳಾಗುತ್ತವೆ, ಗಾಲಿಕುರ್ಚಿಯೊಂದಿಗೆ ನಿಲ್ದಾಣಕ್ಕೆ ಹೋಗಿಬರುವುದೂ ತ್ರಾಸ.

ಎಲ್ಲಿ ಭೇಟಿಯಾಗುವುದು ಎಂಬುದನ್ನು ಮಾತ್ರ ಖಚಿತ ಮಾಡಿಕೊಳ್ಳಿರಿ. ನೇಪಲ್ಸಿನಲ್ಲಿ ಹಡಗು ಊರಿನ ಎದೆಯಲ್ಲೇ ನಿಲ್ಲುತ್ತದೆ, ಟರ್ಮಿನಲ್ಲಿನ ಹೊರಗೆ ಬಂದರೆ ಚಾಲಕ ಹೆಸರಿನ ಫಲಕ ಹಿಡಿದು ನಿಂತಿರುತ್ತಾನೆ. ಲಿವೊರ್ನೊ ಮತ್ತು ಚಿವಿತಾವೆಕ್ಕಿಯಾ ಹಾಗಲ್ಲ. ಲಿವೊರ್ನೊ ಸರಕು ಬಂದರು, ಕಂಟೇನರುಗಳ ನಡುವೆ ನಡೆದುಕೊಂಡು ಹೋಗಲು ಬಿಡುವುದಿಲ್ಲ. ಬಂದರಿನ ಬಸ್ಸು ಹತ್ತಿ ಹೊರಬರಬೇಕು. ಚಿವಿತಾವೆಕ್ಕಿಯಾದಲ್ಲೂ ಲಾರ್ಗೊ ದೆಲ್ಲಾ ಪಾಚೆ ಎಂಬಲ್ಲಿಗೆ ಬಂದರಿನ ಬಸ್ಸು ಬಿಡುತ್ತದೆ. ಚಾಲಕನಿಗೆ ಹಡಗಿನ ಬುಡದವರೆಗೆ ಬರುವ ಅನುಮತಿ ಇದೆಯೇ ಎಂದು ಕೇಳಿರಿ. ಇದ್ದರೆ ಅಪ್ಪನವರಿಗೆ ಒಂದು ಬಸ್ಸು ಹತ್ತಿಳಿಯುವ ಕಷ್ಟ ತಪ್ಪುತ್ತದೆ. ಹಡಗು ಕಟ್ಟಿದ ಕೂಡಲೇ ಇಳಿಯಲೂ ಆಗುವುದಿಲ್ಲ, ಬಂದರಿನ ಅಧಿಕಾರಿಗಳು ಅನುಮತಿ ಕೊಡಬೇಕು, ಲಿಫ್ಟುಗಳ ಮುಂದೆ ಗುಂಪಿರುತ್ತದೆ. ಆದ್ದರಿಂದ 7ಕ್ಕೆ ಬಂದ ಹಡಗಿನಿಂದ 8 ಗಂಟೆಗೆ ಭೇಟಿ ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ಹವಾಮಾನ ಕೆಟ್ಟು ಹಡಗು ಬಂದರಿಗೆ ಹೋಗದೆಯೇ ಮುಂದೆ ಸಾಗುವುದೂ ಉಂಟು. ಹಾಗಾದಾಗ ಮುಂಗಡ ಪೂರ್ತಿ ಹಿಂತಿರುಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿರಿ. ಕೆಲವು ಹಡಗುಗಳಲ್ಲಿ ನಮ್ಮ ಪಾಸ್‌ಪೋರ್ಟನ್ನು ಸ್ವಾಗತ ಕಟ್ಟೆಯಲ್ಲೇ ಇಟ್ಟುಕೊಳ್ಳುತ್ತಾರೆ. ಹಾಗಿದ್ದರೆ ಜೆರಾಕ್ಸ್ ಪ್ರತಿ, ಹಡಗಿನ ಕಾರ್ಡು ಎರಡೂ ಜೇಬಿನಲ್ಲಿರಲಿ.

ಬಿದರಿ ಕಲೆ (ಬೀದರ್)

ನಿಮ್ಮ ಅಪ್ಪನವರ ಹಾಗೆಯೇ ನಾನೂ ಚರಿತ್ರೆಯ ಅಧ್ಯಾಪಕ. ಬುಧವಾರದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಆ ದಿನ ಅವರದು.

ಪೊಂಪೈ ಮತ್ತು ಅಮಾಲ್ಫಿಯನ್ನು ಒಂದೇ ದಿನಕ್ಕೆ ಕಟ್ಟಬೇಡಿರಿ. ಅಮಾಲ್ಫಿಯ ರಸ್ತೆ ಸಮುದ್ರದ ಮೇಲಿನ ಬಂಡೆಯಂಚಿನಲ್ಲಿ ಸಾಗುವ, ತಿರುವಿನ ಮೇಲೆ ತಿರುವಿರುವ ಇಕ್ಕಟ್ಟಿನ ದಾರಿ. ಆ ದಾರಿಯಲ್ಲಿರುವ ಪೊಸಿತಾನೊ ಊರೆಂದರೆ ಬರೀ ಮೆಟ್ಟಿಲು, ನಿಮ್ಮ ಅಪ್ಪನವರು ವ್ಯಾನಿನ ಕಿಟಕಿಯಿಂದಲೇ ನೋಡಬೇಕಾದೀತು. ಅದರ ಬದಲು ಬೆಳಗ್ಗೆ ಪೊಂಪೈ, ಮಧ್ಯಾಹ್ನ ನೇಪಲ್ಸಿನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯ ಎಂದು ಇಟ್ಟುಕೊಳ್ಳಿರಿ. ಆ ಸಂಗ್ರಹಾಲಯಕ್ಕೆ ಮಂಗಳವಾರ ರಜೆ, ಬುಧವಾರ ತೆರೆದಿರುತ್ತದೆ.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯೊಳಗೆ ಹೂತುಹೋದ ಪೊಂಪೈ ಸುಮಾರು 66 ಹೆಕ್ಟೇರಿನ ಊರು. ಪೂರ್ತಿ ನೋಡಲು ಒಂದು ದಿನವೂ ಸಾಲದು. ಪೋರ್ತಾ ಮರೀನಾ ಎಂಬ ಮುಖ್ಯ ದ್ವಾರದಲ್ಲಿ ಕಡಿದಾದ ಏರು ಇದೆ. ಗಾಲಿಕುರ್ಚಿಯವರು ಪಿಯಾತ್ಸಾ ಆನ್ಫಿತೆಯಾತ್ರೊ ದ್ವಾರದಿಂದ ಒಳಗೆ ಹೋಗಬೇಕು. ಅಲ್ಲಿಂದ ‘ಎಲ್ಲರಿಗೂ ಪೊಂಪೈ’ ಎಂಬ ಹೆಸರಿನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಸುಗಮ ದಾರಿ ಮಾಡಿದ್ದಾರೆ. ಇದನ್ನು ಚಾಲಕನಿಗೂ ಮಾರ್ಗದರ್ಶಿಗೂ ಮೊದಲೇ ತಿಳಿಸಿರಿ, ಇಲ್ಲದಿದ್ದರೆ ರೂಢಿಯಂತೆ ಮುಖ್ಯ ದ್ವಾರಕ್ಕೇ ಒಯ್ದುಬಿಡುತ್ತಾರೆ.

ಒಳಗೆ ಅವ್ವನವರಿಗೆ ರೊಟ್ಟಿ ಸುಡುವ ಅಂಗಡಿಯನ್ನು ತೋರಿಸಿರಿ. ಕರಿ ಲಾವಾ ಕಲ್ಲಿನ ದೊಡ್ಡ ಬೀಸುವ ಕಲ್ಲುಗಳು ಸಾಲಾಗಿ ನಿಂತಿವೆ. ಕೆಳಗೆ ಶಂಕುವಿನಾಕಾರದ ಗುಂಡು, ಅದರ ಮೇಲೆ ಟೊಪ್ಪಿಗೆಯಂತೆ ಕೂರುವ ಟೊಳ್ಳು ಕಲ್ಲು, ಪಕ್ಕದಲ್ಲಿ ಮರದ ದಂಡ ಸಿಕ್ಕಿಸುವ ಚೌಕ ತೂತು. ದಂಡಕ್ಕೆ ಕತ್ತೆಯನ್ನು ಕಟ್ಟಿ ತಿರುಗಿಸುತ್ತಿದ್ದರು. ಆ ಕಾಲದ ಒಲೆಯಲ್ಲೇ ಕರಿಕಲಾಗಿ ಉಳಿದ ಗುಂಡನೆಯ ರೊಟ್ಟಿ, ತುಂಡು ಮುರಿಯಲು ಮೇಲೆ ಗೀರಿದ ಗುರುತುಗಳ ಸಮೇತ, ನೇಪಲ್ಸಿನ ಸಂಗ್ರಹಾಲಯದಲ್ಲಿದೆ. ಬೀದಿಗಳಲ್ಲಿ ಬಂಡಿಯ ಗಾಲಿ ಸವೆಸಿದ ಎರಡು ಗೆರೆಗಳು, ಮಳೆನೀರು ಹರಿಯುವಾಗ ಕಾಲು ತೊಯ್ಯದೆ ದಾಟಲು ಇಟ್ಟ ಎತ್ತರದ ಕಲ್ಲುಗಳು ಇಂದಿಗೂ ಇದ್ದಲ್ಲಿಯೇ ಇವೆ.

ಅಪ್ಪನವರಿಗೆ ಸಂಗ್ರಹಾಲಯದಲ್ಲಿ ತೋರಿಸಲೇಬೇಕಾದ ಒಂದು ವಸ್ತುವಿದೆ. 1938ರಲ್ಲಿ ಪೊಂಪೈನ ಒಂದು ಮನೆಯಲ್ಲಿ ಆನೆದಂತದ ಪುಟ್ಟ ಸ್ತ್ರೀವಿಗ್ರಹವೊಂದು ಸಿಕ್ಕಿತು. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಮೈತುಂಬ ಒಡವೆ, ಅಕ್ಕಪಕ್ಕದಲ್ಲಿ ಇಬ್ಬರು ಚಿಕ್ಕ ಸೇವಕಿಯರು, ಬುಡದಲ್ಲಿ ಖರೋಷ್ಠಿ ಎಂಬ ಪ್ರಾಚೀನ ಲಿಪಿಯ ಅಕ್ಷರ. ಅದು ಭಾರತದಲ್ಲಿ ಕೆತ್ತಿದ್ದು. ಇದನ್ನೇ ಹೋಲುವ ವಿಗ್ರಹ ನಮ್ಮ ಗಡಿಯಾಚೆಯ ಧಾರಾಶಿವ ಜಿಲ್ಲೆಯ ತೇರ್ ಊರಿನಲ್ಲೂ ಸಿಕ್ಕಿದೆ. ಆ ತೇರ್ ಎಂದರೆ ಗ್ರೀಕ್ ನಾವಿಕರ ಬರಹದಲ್ಲಿ ಬರುವ ತಗರ ಪಟ್ಟಣ. ಶಾತವಾಹನರ ಕಾಲದಲ್ಲಿ ನಮ್ಮ ದಖ್ಖನಿನ ಸರಕು ರೋಮನ್ನರ ಮನೆ ತಲುಪುತ್ತಿತ್ತು ಎಂಬುದನ್ನು ಅಪ್ಪನವರು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿರುತ್ತಾರೆ. ಅದರ ಸಾಕ್ಷಿ ಅಲ್ಲಿ ಗಾಜಿನ ಹಿಂದೆ ನಿಂತಿದೆ.

ಟಿಕೆಟ್ ವಿಷಯದಲ್ಲಿ ಒಂದು ಸೂಚನೆ. ಕೊಲೋಸಿಯಂ ಮತ್ತು ಪೊಂಪೈ ಟಿಕೆಟುಗಳಲ್ಲಿ ಈಗ ಪ್ರವಾಸಿಯ ಹೆಸರು ಇರುತ್ತದೆ, ಬಾಗಿಲಲ್ಲಿ ಗುರುತಿನ ಪತ್ರ ಕೇಳುತ್ತಾರೆ. ಪೊಂಪೈಗೆ ದಿನಕ್ಕೆ 20,000 ಜನರ ಮಿತಿಯೂ ಇದೆ. ನಮ್ಮವರ ಹೆಸರುಗಳಲ್ಲಿ ಇನಿಷಿಯಲ್ ಒಂದು ಕಡೆ, ತಂದೆಯ ಹೆಸರು, ಅಡ್ಡಹೆಸರು ಇನ್ನೊಂದು ಕಡೆ ಇರುತ್ತವಾದ್ದರಿಂದ, ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರ ತಪ್ಪದೆ ತುಂಬಿರಿ.

ಸೇಡಂ ರಸ್ತೆ (ಕಲಬುರಗಿ)

ಕಾಕಾ ಅವರೇ, ಗುರುಗಳೇ, ತಮ್ಮಾ, ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ದಂತದ ವಿಗ್ರಹದ ಮಾತು ಬಂದಾಗ ಅವರು ಕಪಾಟಿನಿಂದ ಹಳೆಯ ಪಾಠದ ಟಿಪ್ಪಣಿ ತೆಗೆದು ತಗರ ಪಟ್ಟಣದ ಪುಟವನ್ನು ತೋರಿಸಿದರು. ಅಮಾಲ್ಫಿಯನ್ನು ಕೈಬಿಟ್ಟಿದ್ದೇವೆ. ಸೋಮವಾರ ಪೀಸಾ ಮತ್ತು ಲುಕ್ಕಾ, ಮಂಗಳವಾರ ರೋಮಿನಲ್ಲಿ ಕೊಲೋಸಿಯಂ ಒಳಗೆ, ಉಳಿದುದು ಹೊರಗಿನಿಂದ, ಬುಧವಾರ ಗುರುಗಳು ಹೇಳಿದಂತೆ. ಇನ್ನು ಉಳಿದದ್ದು ಊಟ ಮತ್ತು ಹಣ ಕೊಡುವ ರೀತಿ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ಅಲ್ಲಿ ತಡೆಯುತ್ತಾರೆಯೇ?

ಹಳೆ ಜೇವರ್ಗಿ ರಸ್ತೆ (ಕಲಬುರಗಿ)

ಹೊರದೇಶದಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ತರುವ ಹಾಗಿಲ್ಲ. ಆದ್ದರಿಂದ ಪೇಡೆ, ಖೋವಾ, ತುಪ್ಪದ ಡಬ್ಬಿ ಬೇಡ. ಒಣ ರೊಟ್ಟಿ, ಹಿಂಡಿಗೆ ಆ ತಡೆ ಇಲ್ಲ, ಆದರೆ ಮನೆಯ ಅಡುಗೆಯನ್ನು ಹಡಗಿನೊಳಗೆ ಬಿಡುವ ಬಗ್ಗೆ ಒಂದೊಂದು ಹಡಗಿಗೆ ಒಂದೊಂದು ನಿಯಮ. ಟಿಕೆಟ್ ಕೊಟ್ಟವರನ್ನೇ ಕೇಳಿರಿ. ಹಡಗಿನ ಊಟದ ಮೇಜಿನಿಂದ ಕೆಳಗೆ ಏನನ್ನೂ ಒಯ್ಯಬಾರದು.

ಊರೊಳಗೆ ಸಸ್ಯಾಹಾರ ಸಿಗುವುದು ಕಷ್ಟವಲ್ಲ, ಮೊಟ್ಟೆಯಿಲ್ಲದ್ದನ್ನು ಆರಿಸುವುದರಲ್ಲಿ ಎಚ್ಚರ ಬೇಕು. ಅಲ್ಲಿ ಕೈಯಲ್ಲಿ ಹಸಿಯಾಗಿ ಮಾಡಿದ ಪಾಸ್ತಾಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಸ್ಪಗೆಟ್ಟಿಯಂತಹ ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ ರವೆ ಮತ್ತು ನೀರಿನದು. ತರಕಾರಿ ಸಾರು ಎಂದು ಕೊಡುವುದರಲ್ಲೂ ಮಾಂಸದ ರಸ ಇರಬಹುದು, ಕೇಳಿಯೇ ತೆಗೆದುಕೊಳ್ಳಿರಿ. ಪಾರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯ ಹೆಪ್ಪು ಬಳಸುವುದರಿಂದ ಅಪ್ಪನವರ ತಟ್ಟೆಗೆ ಅದು ಬೇಡವೆಂದು ಮೊದಲೇ ಹೇಳಿರಿ. ನೇಪಲ್ಸಿನಲ್ಲಿ ಮರಿನಾರಾ ಪಿಜ್ಜಾ ಕೇಳಿದರೆ ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ ಸೊಪ್ಪು, ಎಣ್ಣೆಯಷ್ಟೇ ಇರುತ್ತದೆ, ಚೀಸು ಇರುವುದೇ ಇಲ್ಲ. ರೋಮಿನ ಬೀದಿ ನಲ್ಲಿಗಳ ನೀರು ಕುಡಿಯಲು ಯೋಗ್ಯ, ತಣ್ಣಗಿರುತ್ತದೆ, ಖಾಲಿ ಬಾಟಲಿ ಜೊತೆಗಿರಲಿ.

ಹಣದ ಬಗ್ಗೆ: ನಾವು ಸ್ವಲ್ಪ ಮುಂಗಡ ಕೊಟ್ಟು, ಉಳಿದುದನ್ನು ಸಂಜೆ ಬಂದರಿಗೆ ಮರಳಿದ ಮೇಲೆ ಚಾಲಕನ ಕೈಗೆ ಕೊಟ್ಟು ರಸೀದಿ ಪಡೆದೆವು. ಪೂರ್ತಿ ಹಣವನ್ನು ಮೊದಲೇ ಕೇಳುವವರನ್ನು ನಾನು ಒಪ್ಪಲಿಲ್ಲ. ಹೇಳಿದ 620 ಯೂರೋದಲ್ಲಿ ರಸ್ತೆ ಸುಂಕ, ವಾಹನ ನಿಲುಗಡೆ ಶುಲ್ಕ, ಬಂದರಿನೊಳಗೆ ಬರುವ ಖರ್ಚು ಸೇರಿವೆಯೇ, ಎಂಟು ಗಂಟೆ ಮೀರಿದರೆ ಗಂಟೆಗೆ ಎಷ್ಟು, ಮಗನಿಗೆ ಮಕ್ಕಳ ಆಸನ ಇದೆಯೇ, ಮಡಚಿದ ಗಾಲಿಕುರ್ಚಿಗೆ ಹಿಂದೆ ಜಾಗ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಒಂದೇ ಪತ್ರದಲ್ಲಿ ಬರೆದು ಕಳಿಸಿರಿ. ಬುಧವಾರಕ್ಕೆ ಮಾತ್ರ ಎಂಟು ಗಂಟೆಯ ವ್ಯಾನ್ ಬೇಕಿಲ್ಲ. ಪೊಂಪೈಗೆ ಹೋಗಿ ಬಂದು ಸಂಗ್ರಹಾಲಯದ ಬಾಗಿಲಲ್ಲಿ ಇಳಿಸಿದರೆ ಸಾಕು ಎಂದು ಐದು ಗಂಟೆಗಳ ಅವಧಿಗೆ ಮಾತಾಡಿರಿ. ಅಲ್ಲಿಂದ ಹಡಗಿಗೆ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ.